ಸಿದ್ಧಮಾದರಿ ಮತ್ತು ಮಾತಿನ ಹಕ್ಕು: ಕನ್ನಡ ಕಾದಂಬರಿ ಹಾಗೂ ಸಿನಿಮಾಗಳಲ್ಲಿ ‘ಅನ್ಯ’ರ ಚಿತ್ರಣ

ಜನಾಂಗಭೇದವನ್ನು ಕುರಿತ ಚರ್ಚೆ ಕನ್ನಡದಲ್ಲಿ ಬಹುಮಟ್ಟಿಗೆ ಅಮೆರಿಕ, ದಕ್ಷಿಣ ಆಫ್ರಿಕಗಳ ಸಂದರ್ಭಕ್ಕೆ ಸೀಮಿತವಾಗಿ ನಡೆದುಬಂದಿದೆ. ಆದರೆ ಹುಟ್ಟಿನ ಆಧಾರದಿಂದ ಮನುಷ್ಯರ ಗುಣ, ಬುದ್ಧಿ, ಯೋಗ್ಯತೆಗಳನ್ನು ಮೊದಲೇ ನಿರ್ಧರಿಸಿಬಿಡುವುದು ಅದರ ತಿರುಳು ಎನ್ನುವುದಾದರೆ, ಜಾತಿಭೇದವು ಅದಕ್ಕೆ ದೂರದ್ದೇನಲ್ಲ. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯು ನಡೆಸಿದ ಜನಾಂಗಭೇದ ವಿರೋಧಿ ಸಮ್ಮೇಳನದಲ್ಲಿ ದಲಿತ ಸಂಘಟನೆಗಳು ಜಾತಿಯ ಪ್ರಶ್ನೆಯನ್ನು ಎತ್ತಿದವು. ಜಾತಿಯೂ ಜನಾಂಗವೂ ಒಂದಲ್ಲವೆಂದು ಭಾರತ ಸರ್ಕಾರ ಅದನ್ನು ವಿರೋಧಿಸಿತು. ಸಮಾಜಶಾಸ್ತ್ರೀಯವಾಗಿ ಇವೆರಡರ ನಡುವೆ ವ್ಯತ್ಯಾಸವಿದೆ, ನಿಜ. ಆದರೆ ಕಥನದೊಳಗೆ ಇವು ಕೆಲಸ ಮಾಡುವ ಬಗೆಯಲ್ಲಿ ಆಳವಾದ ಸಾಮ್ಯವಿದೆ. ಆ ಸಾಮ್ಯವನ್ನು ಕನ್ನಡದ ಕೆಲವು ಕೃತಿಗಳ ಮೂಲಕ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿನುವ ಅಚಿಬೆ 1975ರಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ ಜೋಸೆಫ್ ಕಾನ್ರಾಡನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕೃತಿಯನ್ನು ಕಟುವಾಗಿ ವಿಮರ್ಶಿಸಿದರು. ಅವರ ಆಕ್ಷೇಪ ಆಫ್ರಿಕನ್ನರನ್ನು ಕೆಟ್ಟವರಾಗಿ ಚಿತ್ರಿಸಲಾಗಿದೆ ಎಂಬುದಷ್ಟೇ ಆಗಿರಲಿಲ್ಲ. ಆಫ್ರಿಕವು ಯುರೋಪಿಯನ್ನನೊಬ್ಬನ ಮನಸ್ಸಿನ ಕುಸಿತಕ್ಕೆ ಬರಿಯ ಹಿನ್ನೆಲೆಯಾಗಿದೆ. ಅಲ್ಲಿನ ಮನುಷ್ಯರಿಗೆ ಮಾತನ್ನೇ ಕೊಟ್ಟಿಲ್ಲ ಎಂಬುದು ಅವರ ವಾದದ ಜೀವಾಳ. ಈ ವಾದ ನಮಗೆ ಒಂದು ಮಾನದಂಡವನ್ನು ಒದಗಿಸುತ್ತದೆ. ಪಾತ್ರವೊಂದು ಒಳ್ಳೆಯದೋ ಕೆಟ್ಟದೋ ಎನ್ನುವುದಕ್ಕಿಂತ, ಅದು ತನ್ನ ಮಾತನ್ನು ತಾನೇ ಆಡುತ್ತದೆಯೇ, ಕಥೆ ಯಾರ ಕಣ್ಣಿನಿಂದ ಕಾಣುತ್ತದೆ ಎಂಬುವು ಮುಖ್ಯವಾಗುತ್ತವೆ. ಅನುಕಂಪದಿಂದ ಬರೆದ ಕೃತಿಯಲ್ಲಿಯೂ ಸಿದ್ಧಮಾದರಿ ಉಳಿದುಕೊಳ್ಳಬಹುದು.

ಕನ್ನಡ ಕಾದಂಬರಿಯಲ್ಲಿ ಈ ಸಮಸ್ಯೆ ಮೊದಲಿನಿಂದಲೂ ಇದೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಭೂಮಿಯ ಒಡೆತನವನ್ನು ಬಯಸುವ ಅಸ್ಪೃಶ್ಯನೊಬ್ಬನನ್ನು ಕಥೆಯ ನಡುವೆ ನಿಲ್ಲಿಸಿತು. ಆ ಕಾಲಕ್ಕೆ ಇದು ದೊಡ್ಡ ಸಾಹಸ. ಚೋಮನು ವಿಧೇಯ ಆಳಿನ ಮಾದರಿಯಲ್ಲ. ಅವನಿಗೆ ಆಸೆ, ಸಿಟ್ಟು, ಛಲಗಳಿವೆ. ಆದರೂ ಅವನ ಒಳಗುದಿ ಮಾತಿಗಿಂತ ಹೆಚ್ಚಾಗಿ ದುಡಿಯ ಬಡಿತದಲ್ಲಿಯೇ ಹೊರಬರುತ್ತದೆ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಅಗ್ರಹಾರದ ಒಣ ಆಚಾರವನ್ನು ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆಯುತ್ತದೆ. ಆದರೆ ಹೆಣದ ದಹನವನ್ನು ಮಾಡಿಸಿ ಬಿಕ್ಕಟ್ಟಿಗೆ ವ್ಯಾವಹಾರಿಕ ಕೊನೆ ಕಾಣಿಸುವ ಚಂದ್ರಿ, ಅನಂತರ ಕಥನದಿಂದ ಮರೆಯಾಗುತ್ತಾಳೆ. ಕಾದಂಬರಿ ಪ್ರಾಣೇಶಾಚಾರ್ಯರ ಅಂತರಂಗವನ್ನು ಹಿಂಬಾಲಿಸುತ್ತದೆ. ಜಾತಿಯನ್ನು ವಿರೋಧಿಸುವ ಕೃತಿಯಲ್ಲಿಯೇ ಕೆಳಜಾತಿಯ ಹೆಣ್ಣು ಮೇಲ್ಜಾತಿಯ ಗಂಡಿನ ಪರಿವರ್ತನೆಗೆ ನಿಮಿತ್ತಮಾತ್ರವಾಗಿ ಉಳಿಯುವ ಈ ವೈರುಧ್ಯ ಗಮನಾರ್ಹ.

ಈ ರಚನೆಯನ್ನು ಬುಡಮೇಲು ಮಾಡಿದ್ದು ದೇವನೂರ ಮಹಾದೇವ ಅವರ ‘ಒಡಲಾಳ’. ಇಲ್ಲಿ ಸಾಕವ್ವನ ಮನೆಯೇ ಕೇಂದ್ರ. ಆ ಮನೆಯವರ ಆಡುಮಾತೇ ಕಥೆಯ ಉಸಿರು. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಕೂತು ತಿನ್ನುವ ರಾತ್ರಿಯಲ್ಲಿ ಹಸಿವು, ನಗೆ, ಅಕ್ಕರೆಗಳು ಒಟ್ಟಿಗಿವೆ. ಪೊಲೀಸರ ದೃಷ್ಟಿಯಲ್ಲಿ ಅವರು ಕಳ್ಳರು. ಓದುಗನ ದೃಷ್ಟಿಯಲ್ಲಿ ಅವರು ಒಂದು ಕುಟುಂಬ. ‘ಕಳ್ಳಜಾತಿ’ ಎಂಬ ಸಿದ್ಧಮಾದರಿ ಇಲ್ಲಿ ವಾದದಿಂದಲ್ಲ, ನೋಟದ ಸ್ಥಾನಪಲ್ಲಟದಿಂದ ಮುರಿಯುತ್ತದೆ.

ಸಿನಿಮಾದಲ್ಲಿ ಜಾತಿಯ ಜೊತೆಗೆ ಪ್ರದೇಶದ ಸಿದ್ಧಮಾದರಿಯೂ ಸೇರಿಕೊಳ್ಳುತ್ತದೆ. ಜನಪ್ರಿಯ ಕನ್ನಡ ಸಿನಿಮಾದ ನಾಯಕ ನಾಯಕಿಯರ ಭಾಷೆ ಬಹುಕಾಲ ಹಳೆಯ ಮೈಸೂರಿನ ಶಿಷ್ಟ ಕನ್ನಡವೇ ಆಗಿತ್ತು. ಉತ್ತರ ಕರ್ನಾಟಕದ ಮಾತು ಹೆಚ್ಚಾಗಿ ಹಾಸ್ಯಪಾತ್ರಕ್ಕೆ, ಆಳಿಗೆ, ಒರಟನಿಗೆ ಮೀಸಲಾಯಿತು. ಧಾರವಾಡ, ವಿಜಯಪುರ, ಕಲಬುರಗಿ, ರಾಯಚೂರುಗಳ ಭಿನ್ನ ಪ್ರಭೇದಗಳನ್ನು ಒಂದೇ ಬಗೆಯ ‘ಗಂಡುಮೆಟ್ಟಿದ’ ಧಾಟಿಗೆ ಇಳಿಸಲಾಯಿತು. ಎಂ.ಎಸ್. ಸತ್ಯು ಅವರ ‘ಬರ’ದಂಥ ಗಂಭೀರ ಚಿತ್ರವೂ ಬರಪೀಡಿತ ಜಿಲ್ಲೆಯನ್ನು ಮುಖ್ಯವಾಗಿ ಜಿಲ್ಲಾಧಿಕಾರಿಯ ನೈತಿಕ ತಳಮಳದ ಮೂಲಕವೇ ತೋರಿಸುತ್ತದೆ. ಚಿತ್ರದ ರಾಜಕೀಯ ವಿಮರ್ಶೆ ತೀಕ್ಷ್ಣವಾದುದೇ. ಆದರೆ ಹಸಿದವರು ಅಲ್ಲಿ ವ್ಯಕ್ತಿಗಳಿಗಿಂತ ಸಮೂಹವಾಗಿ ಕಾಣುತ್ತಾರೆ.

ಈ ಹಿನ್ನೆಲೆಯಲ್ಲಿ ಗಿರೀಶ ಕಾಸರವಳ್ಳಿಯವರ ‘ಕನಸೆಂಬೊ ಕುದುರೆಯನೇರಿ’ ವಿಶೇಷ ಗಮನಕ್ಕೆ ಅರ್ಹವಾಗಿದೆ. ರಾಯಚೂರು ಜಿಲ್ಲೆಯ ನುಗಡೋಣಿಯವರಾದ ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆ ಇದಕ್ಕೆ ಆಧಾರ. 2009ನೆಯ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆ ಪಡೆಯಿತು. ಕುಣಿ ತೋಡುವ ಈರ್ಯಾನ ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಲ್ಲಿ ಸಾವು ಖಚಿತವೆಂಬ ನಂಬಿಕೆ ಅವನದು. ಒಮ್ಮೆ ಸಿದ್ಧ ಕಾಣಿಸಿಕೊಂಡರೂ ಊರು ಸಾವಿಲ್ಲವೆನ್ನುತ್ತದೆ. ಗೌಡರ ಮನೆಯವರು ಸಾವನ್ನು ಮುಚ್ಚಿಟ್ಟಿದ್ದಾರೆ. ‘ಮೂಢನಂಬಿಕೆಯ ಹಳ್ಳಿಗ’ ಎಂಬ ಸಿದ್ಧಮಾದರಿಯನ್ನು ಇಟ್ಟುಕೊಂಡೇ ಪ್ರೇಕ್ಷಕ ಚಿತ್ರವನ್ನು ನೋಡತೊಡಗುತ್ತಾನೆ. ಕೊನೆಗೆ ಸುಳ್ಳು ಇದ್ದದ್ದು ಕನಸಿನಲ್ಲಲ್ಲ, ಉಳ್ಳವರ ವ್ಯವಹಾರದಲ್ಲಿ ಎಂದು ತಿಳಿದಾಗ ಆ ನೋಟವೇ ಪ್ರಶ್ನೆಗೊಳಗಾಗುತ್ತದೆ. ಈರ್ಯಾನ ಪಾತ್ರವನ್ನು ನಿರ್ವಹಿಸಿದವರು ಬೀದರ ಜಿಲ್ಲೆಯ ವೈಜನಾಥ ಬಿರಾದಾರ. ಜನಪ್ರಿಯ ಚಿತ್ರಗಳಲ್ಲಿ ಭಿಕ್ಷುಕ, ಕುಡುಕರಂಥ ಸಣ್ಣ ಹಾಸ್ಯಪಾತ್ರಗಳಿಂದ ಪರಿಚಿತರಾದವರು. ಪ್ರೇಕ್ಷಕರು ನಕ್ಕು ಮರೆಯುತ್ತಿದ್ದ ಅದೇ ದೇಹ, ಅದೇ ದನಿ ಇಲ್ಲಿ ಸಂಕಟದ ಭಾಷೆಯಾಗುತ್ತದೆ. ಕೊರತೆ ಇದ್ದದ್ದು ನಟನಲ್ಲಲ್ಲ, ಉದ್ಯಮವು ಅವರಿಗೆ ಕೊಟ್ಟ ಸ್ಥಾನದಲ್ಲಿ.

2024ರಲ್ಲಿ ತೆರೆಕಂಡ ಉತ್ಸವ್ ಗೋನವಾರ ಅವರ ‘ಫೋಟೋ’ ಇದೇ ದಾರಿಯಲ್ಲಿ ಮುಂದಿನ ಹೆಜ್ಜೆ. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳುವ ಹಂಬಲದ ರಾಯಚೂರು ಸೀಮೆಯ ಹುಡುಗ, ಬೆಂಗಳೂರಿನಲ್ಲಿ ದುಡಿಯುವ ಅವನ ತಂದೆ 2020ರ ಲಾಕ್‌ಡೌನಿನಲ್ಲಿ ಸಿಲುಕುವ ಕಥೆಯಿದು. ವಲಸೆ ಕಾರ್ಮಿಕರು ಇಲ್ಲಿ ಸುದ್ದಿಚಿತ್ರದ ಸಾಲಲ್ಲ. ತಮ್ಮ ಸೀಮೆಯ ಮಾತನ್ನಾಡುವ ತಂದೆ ಮಗ.

ಈ ಚರ್ಚೆ ಎಡದೊರೆ ನಾಡಿಗೆ ಏಕೆ ಮುಖ್ಯ? ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಗೊರೇಬಾಳದಂಥ ಊರುಗಳನ್ನು ‘ಹಿಂದುಳಿದ ಸೀಮೆ’ ಎಂಬ ಒಂದೇ ಪದದಲ್ಲಿ ಹಿಡಿಯಲಾಗದು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆ, ಅದರಾಚೆಯ ಒಣಬೇಸಾಯ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಸಿಂಧನೂರಿನ ಬಳಿಯ ಬಂಗಾಳಿ ನಿರಾಶ್ರಿತರ ನೆಲೆಗಳು, ತಾಂಡಾಗಳು, ಉರ್ದು ಮನೆಮಾತಿನ ಓಣಿಗಳು ಇಲ್ಲಿ ಒಟ್ಟಿಗಿವೆ. ಸಿದ್ಧಮಾದರಿಯನ್ನು ಹೊರಗಿನವರು ಮಾತ್ರ ಕಟ್ಟುತ್ತಾರೆ ಎನ್ನುವಂತಿಲ್ಲ; ಕ್ಯಾಂಪಿನವರ ಬಗೆಗೆ ಊರಿನವರೂ ಊರಿನವರ ಬಗೆಗೆ ಕ್ಯಾಂಪಿನವರೂ ಕಟ್ಟಿಕೊಳ್ಳಬಲ್ಲರು. ಈ ಬಹುತ್ವವನ್ನು ಒಳಗಿನಿಂದ ಕಾಣುವ ಕಾದಂಬರಿಗಳೂ ಚಿತ್ರಗಳೂ ಇನ್ನಷ್ಟು ಬರಬೇಕಾಗಿವೆ.

ಅಧ್ಯಾಪಕರ ಹೊಣೆಯೂ ಇಲ್ಲಿದೆ. ತೆರೆಯ ಮೇಲೆ ತನ್ನ ಮನೆಮಾತು ನಗೆಗೀಡಾಗುವುದನ್ನು ಕಂಡ ವಿದ್ಯಾರ್ಥಿ ತರಗತಿಯಲ್ಲಿ ಬಾಯಿ ತೆರೆಯಲು ಹಿಂಜರಿದರೆ ಅದು ವೈಯಕ್ತಿಕ ಸಂಕೋಚವೆಂದು ತಳ್ಳಿಹಾಕುವಂಥದಲ್ಲ. ಪಠ್ಯವನ್ನು ಬೋಧಿಸುವಾಗ ವಸ್ತು, ತಂತ್ರಗಳ ಜೊತೆಗೆ ಇಲ್ಲಿ ಯಾರು ಮಾತನಾಡುತ್ತಾರೆ, ಯಾರನ್ನು ನೋಡಲಾಗುತ್ತದೆ, ಯಾರ ಮಾತಿಗೆ ನಗಲಾಗುತ್ತದೆ ಎಂದು ಕೇಳುವುದು ಅವಶ್ಯಕ. 1915ರಲ್ಲಿ ಮಸ್ಕಿಯಲ್ಲಿ ದೊರೆತ ಅಶೋಕನ ಶಾಸನವು ಧರ್ಮದ ಹಿರಿಮೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಎಟಕುವಂಥದೆಂಬ ಆಶಯವನ್ನು ಸಾರುತ್ತದೆ. ಕಥನದಲ್ಲಿ ಕೇಂದ್ರಪಾತ್ರವಾಗುವ ಯೋಗ್ಯತೆಗೂ ಆ ಮಾತು ಸಲ್ಲುತ್ತದೆ.