ಆ ಅರ್ಧ ಅಂಕ

ಬಾಲಕಿಯರ ಚೆಸ್ ಟೂರ್ನಿಯಲ್ಲಿ ಆಟ ಡ್ರಾ ಆಯಿತೆಂದರೆ ಹೊರಗೆ ಕಾಯುತ್ತಿರುವ ಅಪ್ಪ-ಅಮ್ಮಂದಿರ ಮುಖ ಸಪ್ಪಗಾಗುತ್ತದೆ. ‘ಗೆಲ್ಲಬಹುದಿತ್ತಲ್ಲೇ’ ಎಂಬುದೇ ಮೊದಲ ಮಾತು. ಡ್ರಾ ಅಂದರೆ ಅರ್ಧ ಸೋಲು ಎಂದೇ ನಮ್ಮ ಲೆಕ್ಕ.

ಒಬ್ಬ ಹುಡುಗಿಯ ಕತೆ ಕೇಳಿದರೆ ಈ ಲೆಕ್ಕ ತಪ್ಪೆನಿಸುತ್ತದೆ. ತಮಿಳು ಮೂಲದ ಬೋಧನಾ ಶಿವಾನಂದನ್ ಲಂಡನ್ನಿನ ವಾಯವ್ಯ ಅಂಚಿನ ಹ್ಯಾರೋದವಳು. ಕೋವಿಡ್ ಕಾಲದಲ್ಲಿ ಭಾರತಕ್ಕೆ ಮರಳುತ್ತಿದ್ದ ಅಪ್ಪನ ಗೆಳೆಯರೊಬ್ಬರು ಬಿಟ್ಟುಹೋದ ಸಾಮಾನಿನಲ್ಲಿ ಚೆಸ್ ಬೋರ್ಡೂ ಇತ್ತು. ಐದು ವರ್ಷದ ಮಗುವಿಗೆ ಬೇಕಿದ್ದದ್ದು ಆಟದ ಗೊಂಬೆಗಳಂತಿದ್ದ ಆ ಕಾಯಿಗಳು. ಬೇಡ, ಆಟವನ್ನೇ ಕಲಿ ಎಂದರು ಅಪ್ಪ. 2022ರಲ್ಲಿ ಅವಳು ಎಂಟು ವರ್ಷದೊಳಗಿನ ಬಾಲಕಿಯರ ವಿಶ್ವ ಚಾಂಪಿಯನ್. 2023ರ ಡಿಸೆಂಬರ್‌ನಲ್ಲಿ ಝಾಗ್ರೆಬ್‌ನ ಯುರೋಪಿಯನ್ ಬ್ಲಿಟ್ಸ್ ಟೂರ್ನಿಯಲ್ಲಿ 13 ಸುತ್ತಿಗೆ 8.5 ಅಂಕ ಗಳಿಸಿ, ಅಲ್ಲಿನ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡಳು. ಆ ಅಂಕಗಳಲ್ಲಿ ರೊಮೇನಿಯಾದ 54 ವರ್ಷದ ಗ್ರ್ಯಾಂಡ್‌ಮಾಸ್ಟರ್ ವ್ಲಾಡಿಸ್ಲಾವ್ ನೆವೆದ್ನಿಚಿ ಜೊತೆಗಿನ ಡ್ರಾ ಕೂಡ ಸೇರಿದೆ. ಅವಳಿಗಾಗ ಎಂಟೇ ವರ್ಷ. ಇದು ಯಾರಿಗೆ ಅರ್ಧ ಸೋಲು?

ಡ್ರಾಗಳಲ್ಲಿ ಮಕ್ಕಳನ್ನು ಅಳಿಸುವುದು ಸ್ಟೇಲ್‌ಮೇಟ್. ಎದುರಾಳಿಯ ಹತ್ತಿರ ಉಳಿದಿರುವುದು ಒಂಟಿ ಕರಿ ರಾಜ, ಎ8 ಮೂಲೆಯಲ್ಲಿ. ಬಿಳಿ ರಾಣಿಯನ್ನು ಖುಷಿಯಿಂದ ಬಿ6ಕ್ಕೆ ತಂದಿಟ್ಟರೆ ಎ7, ಬಿ7, ಬಿ8 ಮೂರೂ ಮನೆ ಬಂದ್. ಆದರೆ ರಾಜನಿಗೆ ಚೆಕ್ ಇಲ್ಲ. ನಡೆಯಲು ಜಾಗವಿಲ್ಲ, ಆಟ ಮುಗಿಯಿತು, ಇಬ್ಬರಿಗೂ ಅರ್ಧರ್ಧ. ಒಬ್ಬಳು ಕಣ್ಣೊರೆಸಿಕೊಂಡರೆ ಇನ್ನೊಬ್ಬಳು ನಗು ತಡೆಯಲಾರಳು. ಹದಿನೇಳು-ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಾಗಿದ್ದರೆ ಇನ್ನೂ ಕಷ್ಟವಿತ್ತು. ಹೀಗೆ ರಾಜನನ್ನು ಉಸಿರುಗಟ್ಟಿಸಿದವರೇ ಸೋತರೆಂಬ ನಿಯಮ ಅಲ್ಲಿ ಆಗ ಚಾಲ್ತಿಯಲ್ಲಿತ್ತು!

 

ಡ್ರಾ ಎಂದರೆ ಮೂಗು ಮುರಿಯುವವರು 2025ರ ಜುಲೈನಲ್ಲಿ ಬಟುಮಿಯಲ್ಲಿ ನಡೆದ ಮಹಿಳಾ ವಿಶ್ವಕಪ್ ಫೈನಲ್ ನೋಡಬೇಕು. 19ರ ದಿವ್ಯಾ ದೇಶಮುಖ್ ಎದುರು ಕೋನೇರು ಹಂಪಿ. ಎರಡು ಕ್ಲಾಸಿಕಲ್ ಆಟಗಳೂ ಡ್ರಾ, ಟೈಬ್ರೇಕರ್‌ನ ಮೊದಲ ರ್‍ಯಾಪಿಡ್ ಆಟವೂ ಡ್ರಾ. ನಾಲ್ಕನೆಯದನ್ನು ದಿವ್ಯಾ ಕಪ್ಪು ಕಾಯಿಗಳಲ್ಲಿ ಗೆದ್ದಳು. ಕಪ್ ಜೊತೆಗೆ ಗ್ರ್ಯಾಂಡ್‌ಮಾಸ್ಟರ್ ಪಟ್ಟವೂ ಬಂತು. ಅವಳ ಎರಡೂವರೆ ಅಂಕಗಳಲ್ಲಿ ಒಂದೂವರೆ ಡ್ರಾದಿಂದಲೇ ಬಂದದ್ದು.