ಹಳ್ಳಕ್ಕೆ ನೀರು ಎಲ್ಲಿಂದ ಬರುತ್ತದೆ? ಒಂದು ಪಾಠ, ಒಂದು ಮಳೆನಡಿಗೆ

ಬಬಲೇಶ್ವರದ ಶಾಲೆಯೊಂದರ ಏಳನೇ ತರಗತಿಯಲ್ಲಿ ನನ್ನ ಮೂರನೆಯ ಅಭ್ಯಾಸ ಪಾಠ ‘ಮಣ್ಣು ಮತ್ತು ನೀರು’. ‘ಕಪ್ಪು ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ’ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ‘ಎರಿ ಮಣ್ಣು ನೀರೆಲ್ಲಾ ಕುಡಿತದಂದ್ರ ಹಳ್ಳಕ್ಕ ನೀರ ಎಲ್ಲಿಂದ ಬರ್ತದ್ರಿ ಸರ್?’ ಎಂದಳು. ‘ಮುಂದಿನ ಪಾಠದಲ್ಲಿ ನೋಡೋಣ’ ಎಂದು ಜಾರಿಕೊಂಡೆ. ಮೇಲ್ವಿಚಾರಕರ ಟಿಪ್ಪಣಿಯಲ್ಲಿ ಒಂದೇ ಸಾಲಿತ್ತು: ‘ಪ್ರಶ್ನೆಗೆ ಉತ್ತರ ಬಂದಿಲ್ಲ.’

ಆ ಭಾನುವಾರ ನಾವು ನಾಲ್ವರು ಪ್ರಶಿಕ್ಷಣಾರ್ಥಿಗಳು ವಿಜಯಪುರದಿಂದ ತಿಕೋಟಾ ಮಾರ್ಗವಾಗಿ ಬಬಲೇಶ್ವರದವರೆಗೆ ನಡೆಯುವುದೆಂದು ಮೊದಲೇ ಮಾತಾಗಿತ್ತು. ಸೆಪ್ಟೆಂಬರ್ ತಿಂಗಳು. ಬೆಳಗಿನ ಆರಕ್ಕೆ ಹೊರಟಾಗಲೇ ಜಿಟಿಜಿಟಿ ಮಳೆ. ತಿಕೋಟಾ ಸುಮಾರು 20 ಕಿ.ಮೀ. ಡಾಂಬರು ರಸ್ತೆ ಇರುವವರೆಗೆ ತೊಂದರೆಯಿಲ್ಲ. ಹೊಲದ ದಾರಿಗೆ ಇಳಿದ ಕೂಡಲೇ ಎರಿ ಚಪ್ಪಲಿಗೆ ಹತ್ತಿ, ಹತ್ತು ಹೆಜ್ಜೆಗೆ ಒಂದೊಂದು ಕಾಲು ಸೇರು ಭಾರವಾಗತೊಡಗಿತು. ಗೆಳೆಯನೊಬ್ಬ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ; ಅವನೇ ಜಾಣ.

ಈ ಅಂಟಿನಲ್ಲೇ ನನ್ನ ಉತ್ತರ ಅರ್ಧ ಇತ್ತು. ಎರಿಯಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುವುದು ಅದಕ್ಕೇ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಸರಸರನೆ ಇಳಿಯುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಒಳಗೆ ಇಳಿಯುವುದು ಬಹಳ ನಿಧಾನ. ಆಗ ಬೀಳುವ ಮಳೆ ಇಳಿಜಾರು ಹುಡುಕಿ ಹರಿಯುತ್ತದೆ.

ಉಳಿದರ್ಧ ತಿಕೋಟಾ ದಾಟಿದ ಮೇಲೆ ಸಿಕ್ಕಿತು. ಚಹಾ, ಮಿರ್ಚಿ ಮುಗಿಸಿ ಡೋಣಿ ನದಿಯ ಕಡೆಗೆ ಗಾಡಿದಾರಿ ಹಿಡಿದಿದ್ದೆವು. ಮಳೆ ನಿಂತಿತ್ತು. ಅಡ್ಡಬಂದ ಹಳ್ಳದಲ್ಲಿ ಮೊಣಕಾಲಿನಷ್ಟು ನೀರು. ಒಬ್ಬ ಕಾಲಿಟ್ಟೇ ಬಿಟ್ಟಿದ್ದ. ಆಡು ಕಾಯುತ್ತಿದ್ದ ಮುದುಕರೊಬ್ಬರು ಕೂಗಿದರು: ‘ತಮ್ಮಾ, ಹಿಂದ ಬಾ! ನೀರಿನ ಬಣ್ಣ ನೋಡು, ಮ್ಯಾಲ ಜೋರ ಮಳಿ ಆಗ್ಯಾದ!’ ಅವನು ದಂಡೆಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ನೀರು ಕಸಕಡ್ಡಿ ಹೊತ್ತು ಸೊಂಟಮಟ್ಟಕ್ಕೆ ಏರಿತ್ತು. ನಾವು ನಾಲ್ವರೂ ಬಿ.ಇಡಿ. ವಿದ್ಯಾರ್ಥಿಗಳು, ಒಬ್ಬರಿಗೂ ಆ ಬಣ್ಣ ಓದಲು ಬರುತ್ತಿರಲಿಲ್ಲ.

ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಎಕರೆಗೆ 20 ಮಿ.ಮೀ. ಬಿದ್ದರೆ ಸುಮಾರು 80,000 ಲೀಟರ್. ಮೇಲಿನ ಮಡ್ಡಿಯಲ್ಲಿ ಮಣ್ಣಿನ ಪದರ ತೆಳು, ಕೆಳಗೆ ಕಲ್ಲು. ಅಲ್ಲಿ ನೀರು ನಿಲ್ಲುವುದೇ ಇಲ್ಲ. ನಾವು ನಿಂತಲ್ಲಿ ಬಿಸಿಲಿದ್ದರೂ ಹಳ್ಳಕ್ಕೆ ಬರುವುದು ಆ ಎಲ್ಲ ಎಕರೆಗಳ ಲೆಕ್ಕ. ಡೋಣಿಯೂ ಹಾಗೆಯೇ, ಅದು ಹುಟ್ಟುವುದು ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ.

ನಡಿಗೆ ಅಲ್ಲಿಗೇ ಮುಗಿಯಿತು. ತಿಕೋಟಾಕ್ಕೆ ಹಿಂತಿರುಗಿ ಬಸ್ ಹತ್ತಿದೆವು. ಮರುದಿನ ಬಬಲೇಶ್ವರದ ಬಸ್ಸು ಸಾರವಾಡದ ಸೇತುವೆ ದಾಟುವಾಗ ಎದ್ದು ನಿಂತು ಡೋಣಿಯ ನೀರಿನ ಬಣ್ಣ ನೋಡಿದೆ.

ತರಗತಿಗೆ ಒಯ್ದ ಬೋಧನೋಪಕರಣ ಇಷ್ಟೇ: ತಳ ಕತ್ತರಿಸಿ ಬಾಯಿಗೆ ಬಟ್ಟೆ ಕಟ್ಟಿ ತಲೆಕೆಳಗು ನಿಲ್ಲಿಸಿದ ಮೂರು ಬಾಟಲಿ. ಒಂದರಲ್ಲಿ ಒಣ ಎರಿ ಹೆಂಟೆ, ಇನ್ನೊಂದರಲ್ಲಿ ಹಿಂದಿನ ದಿನವೇ ನೆನೆಸಿದ ಎರಿ, ಮೂರನೆಯದರಲ್ಲಿ ಮಡ್ಡಿಯ ಗರಸು. ಒಣ ಎರಿಯೊಂದನ್ನೇ ಇಟ್ಟರೆ ಪ್ರಯೋಗ ದಾರಿ ತಪ್ಪಿಸುತ್ತದೆ, ನೆನೆಸಿದ್ದು ಇರಲೇಬೇಕು. ಮಡ್ಡಿಯ ಕೆಳಗಿನ ಕಲ್ಲನ್ನು ಬಾಟಲಿ ತೋರಿಸದು, ಅದನ್ನು ಹಲಗೆಯ ಮೇಲೆ ಚಿತ್ರ ಬಿಡಿಸಬೇಕು. ಮೂರಕ್ಕೂ ಅಳೆದು ಅಷ್ಟಷ್ಟೇ ನೀರು ಹಾಕಿದೆವು. ನೆನೆಸಿದ ಎರಿಯ ಮೇಲೆ ನೀರು ಹಾಗೇ ನಿಂತಿತು.

‘ಮೊದಲ ಕುಡಿತದ್ರಿ, ಹೊಟ್ಟಿ ತುಂಬಿದ ಮ್ಯಾಲ ಹಳ್ಳಕ್ಕ ಬಿಡ್ತದ’ ಎಂದಳು ಅದೇ ಹುಡುಗಿ. ಹೊಟ್ಟೆ ತುಂಬುವ ಮೊದಲೇ ಬಾಯಿ ಮುಚ್ಚುತ್ತದೆ ಎಂದು ತಿದ್ದಿದೆ. ‘ಅದಕ್ಕ ನಮ್ಮಪ್ಪ ಹೊಲಕ್ಕ ಒಡ್ಡು ಹಾಕ್ಯಾನೇನ್ರಿ?’ ಎಂದ ಇನ್ನೊಬ್ಬ. ಅಷ್ಟರಲ್ಲಿ ಗಂಟೆ ಹೊಡೆಯಿತು. ಈ ಸಲ ಪ್ರಶ್ನೆಯನ್ನು ಮುಂದಿನ ಪಾಠಯೋಜನೆಯ ಮೊದಲ ಸಾಲಾಗಿ ಅಲ್ಲಿಯೇ ಬರೆದುಕೊಂಡೆ.