ಮಂಡಿಯ ಲಿಗಮೆಂಟ್ ಹರಿದರೆ ಆಪರೇಷನ್ ಆಗಲೇಬೇಕೇ?



ಸಂಘದ ಸಭೆಯಲ್ಲಿ ಯಾರಾದರೂ ತುರ್ತು ಸಾಲ ಕೇಳಿದರೆ "ಯಾತಕ್ಕೆ?" ಎಂದು ವಿಚಾರಿಸುವುದು ನಮ್ಮ ಪದ್ಧತಿ. ಗುಡೇಮಾರನಹಳ್ಳಿ, ಸೋಲೂರು, ಮಾಗಡಿ ಕಡೆಯ ಸಂಘಗಳಲ್ಲಿ ಈಗೀಗ ಒಂದು ಉತ್ತರ ಕೇಳಿಬರುತ್ತಿದೆ: "ಮಂಡಿ ಲಿಗಮೆಂಟ್ ಹರಿದೋಗದಂತೆ, ಬೇಗ ಆಪರೇಷನ್ ಮಾಡಿಸ್ಬೇಕಂತೆ." ಸಂಘದ ಹಣ ಸಾಲದಿದ್ದರೆ ಓಲೆ, ಸರ ಅಡವಿಗೆ ಹೋಗುತ್ತವೆ, ಇಲ್ಲವೇ ಮೀಟರ್ ಬಡ್ಡಿಯವರ ಮನೆ ಬಾಗಿಲಿಗೆ ನಡೆಯುತ್ತೇವೆ. ಆದರೆ ಇದರಲ್ಲಿ ಬಹಳಷ್ಟು ಸಲ ಅಂಥ ಅವಸರ ಇರುವುದೇ ಇಲ್ಲ. ಅದಕ್ಕೇ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳೋಣ ಅನ್ನಿಸಿತು.

ತೊಡೆಯ ಮೂಳೆ ಮತ್ತು ಕೆಳಗಾಲಿನ ಮೂಳೆಯನ್ನು ಒಟ್ಟಿಗೆ ಹಿಡಿದಿಡುವ ಗಟ್ಟಿ ಹುರಿಗಳೇ ಲಿಗಮೆಂಟ್. ಮಂಡಿಯಲ್ಲಿ ಮುಖ್ಯವಾದವು ನಾಲ್ಕು. ಒಳಪಕ್ಕಕ್ಕೊಂದು, ಹೊರಪಕ್ಕಕ್ಕೊಂದು, ನಡುವೆ ಕತ್ತರಿ ಹಾಕಿದಂತೆ ಎರಡು. ನಡುವಿನ ಎರಡರಲ್ಲಿ ಮುಂದಿನದನ್ನು ಡಾಕ್ಟರು ಚೀಟಿಯಲ್ಲಿ 'ಎಸಿಎಲ್' ಎಂದು ಬರೆಯುತ್ತಾರೆ. ಪಾದ ನೆಲಕ್ಕೆ ಕಚ್ಚಿಕೊಂಡಿದ್ದು ಮೈ ಮಾತ್ರ ತಿರುಗಿದಾಗ ಇದು ಹರಿಯುತ್ತದೆ. ಆಟಗಾರರಿಗೆ ಮಾತ್ರ ಆಗುವುದು ಅಂತ ತಿಳಿಯಬೇಡಿ. ಕೆಸರಲ್ಲಿ ಕಾಲು ಹೂತಿರುವಾಗ ಹಸು ಹಗ್ಗ ಜಗ್ಗಿದರೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬದು ಇಳಿಯುವಾಗ ಜಾರಿದರೆ, ಮೊಪೆಡ್ ವಾಲಿದಾಗ ಕಾಲು ಊರಿದರೆ, ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸು ನಿಲ್ಲುವ ಮೊದಲೇ ಇಳಿದರೆ, ಎಲ್ಲಾ ಒಂದೇ ಕಥೆ. "ಟಪ್" ಎಂದು ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡರೆ ಲಿಗಮೆಂಟ್ ಹರಿದಿರುವ ಅನುಮಾನ ಬಲವಾಗಿಯೇ ಇರುತ್ತದೆ.

ಮೊದಲ ಎರಡು ಮೂರು ದಿನ ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡಬೇಕು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಒಂದು ಸಲಕ್ಕೆ ಹದಿನೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ ಇಡಬಹುದು. ಬಿಸಿ ಶಾಖ, ಎಣ್ಣೆ ಹಾಕಿ ತಿಕ್ಕುವುದು ಆಗ ಬೇಡ. ಊತ ಜಾಸ್ತಿ ಆಗುತ್ತದೆ. ಪುತ್ತೂರು ಕಟ್ಟು ಹಾಕಿಸೋಣ ಎಂದು ಮನೆಯ ಹಿರಿಯರು ಹೇಳುವುದುಂಟು. ಅದು ಮೂಳೆ ಮುರಿತಕ್ಕೆಂದು ಬೆಳೆದು ಬಂದ ಪದ್ಧತಿ. ಲಿಗಮೆಂಟ್ ಮೂಳೆಯಲ್ಲ. ವಾರಗಟ್ಟಲೆ ಬಿಗಿದು ಕಟ್ಟಿಟ್ಟರೆ ಮಂಡಿ ಮರಗಟ್ಟುತ್ತದೆ, ತೊಡೆ ಸಣ್ಣಗಾಗುತ್ತದೆ. ಯಾವ ಕಟ್ಟೇ ಆಗಲಿ, ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಆ ಕ್ಷಣವೇ ಬಿಚ್ಚಬೇಕು.

ನಿಜವಾಗಿ ಅವಸರ ಇರುವುದು ಕೆಲವು ಸಂದರ್ಭಗಳಲ್ಲಿ. ಪಾದ ತಣ್ಣಗಾಗಿ ಬಣ್ಣಗೆಟ್ಟರೆ, ಮಂಡಿ ಕೀಲೇ ತಪ್ಪಿದಂತೆ ಕಂಡರೆ, ನಾಲ್ಕು ಹೆಜ್ಜೆಯೂ ಊರಲಾಗದಿದ್ದರೆ, ಮಂಡಿ ಬಾಗಿದಲ್ಲೇ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎಕ್ಸ್-ರೇ ಚೆನ್ನಾಗಿದೆ ಅಂದ ಮಾತ್ರಕ್ಕೆ ಸುಮ್ಮನಾಗಬೇಡಿ. ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ. ಮೂಳೆ ಡಾಕ್ಟರು ಕೈಯಿಂದ ಎಳೆದು ನೋಡಿಯೇ ಬಹಳಷ್ಟು ಹೇಳಬಲ್ಲರು. ಬೇಕಾದರೆ ಎಂಆರ್‌ಐ ಬರೆಯುತ್ತಾರೆ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಒಳಪಕ್ಕದ ಲಿಗಮೆಂಟ್ ಒಂದೇ ಹರಿದಿದ್ದರೆ ಸಾಮಾನ್ಯವಾಗಿ ಪಟ್ಟಿ ಮತ್ತು ವ್ಯಾಯಾಮದಲ್ಲೇ ಕೂಡಿಕೊಳ್ಳುತ್ತದೆ. ಎಸಿಎಲ್ ಪೂರ್ತಿ ಹರಿದರೆ ಅಷ್ಟು ಸುಲಭವಾಗಿ ಕೂಡುವುದಿಲ್ಲ. ಹಾಗಂತ ಎಲ್ಲರಿಗೂ ಆಪರೇಷನ್ ಬೇಕೆಂದಲ್ಲ. ಸ್ವೀಡನ್ ದೇಶದಲ್ಲಿ ಎಸಿಎಲ್ ಹರಿದ 121 ಯುವಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬೇಗನೆ ಆಪರೇಷನ್ ಮತ್ತು ವ್ಯಾಯಾಮ. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಆಮೇಲೂ ಬೇಕಾದರೆ ಮಾತ್ರ ಆಪರೇಷನ್. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಎರಡು ವರ್ಷ ಕಳೆದ ಮೇಲೆ ನೋವಿನಲ್ಲಾಗಲಿ ಓಡಾಟದಲ್ಲಾಗಲಿ ಎರಡೂ ಗುಂಪಿಗೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಐದು ವರ್ಷದ ಹೊತ್ತಿಗೆ ಎರಡನೇ ಗುಂಪಿನ ಸುಮಾರು ಅರ್ಧ ಜನ ಆಪರೇಷನ್ ಮಾಡಿಸಿಕೊಂಡಿದ್ದರು, ಉಳಿದರ್ಧ ಜನಕ್ಕೆ ಅದು ಬೇಕಾಗಲೇ ಇಲ್ಲ. ಇನ್ನೊಂದು ಪಕ್ಕವನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ 316 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೆಟ್ಟು ಹಳೆಯದಾಗಿ ಮಂಡಿ ಮತ್ತೆ ಮತ್ತೆ ಕೈಕೊಡುತ್ತಿದ್ದವರಿಗೆ ಆಪರೇಷನ್ನೇ ಹೆಚ್ಚು ಗುಣ ಕೊಟ್ಟಿತು.

ಹಾಗಾದರೆ ನಾವು ನೋಡಬೇಕಾದ್ದು ನೋವಿಗಿಂತ ಹೆಚ್ಚಾಗಿ ಈ 'ಕೈಕೊಡುವುದನ್ನು'. ಮೂರು ತಿಂಗಳು ಶ್ರದ್ಧೆಯಿಂದ ವ್ಯಾಯಾಮ ಮಾಡಿದ ಮೇಲೂ ಬಾವಿ ಕಟ್ಟೆ ಹತ್ರ ತಿರುಗಿದಾಗ, ಬದು ಹತ್ತಿ ಇಳಿವಾಗ ಮಂಡಿ ಜಾರಿದಂಗೆ ಆಗುತ್ತಿದ್ದರೆ ಆಪರೇಷನ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಜಾರುತ್ತಲೇ ಇರುವ ಮಂಡಿಯನ್ನು ವರ್ಷಗಟ್ಟಲೆ ಎಳೆದಾಡಿದರೆ ಒಳಗಿನ ಮೆತ್ತೆಯೂ ಹಾಳಾಗುತ್ತದೆ. ಎರಡು ಮೂರು ಲಿಗಮೆಂಟ್ ಒಟ್ಟಿಗೆ ಹರಿದವರಿಗೆ, ಕಬಡ್ಡಿ, ಖೋ ಖೋ ಆಡುವ ಹೆಣ್ಣುಮಕ್ಕಳಿಗೆ ಬೇಗನೆ ತೀರ್ಮಾನ ಬೇಕಾಗಬಹುದು.

ಆಪರೇಷನ್ ಅಂದರೆ ಹರಿದದ್ದನ್ನು ಹೊಲಿಯುವುದು ಅಂತ ಅನೇಕರ ಎಣಿಕೆ. ಎಸಿಎಲ್‌ನಲ್ಲಿ ಸಾಮಾನ್ಯವಾಗಿ ಹಾಗಲ್ಲ. ನಿಮ್ಮ ತೊಡೆಯ ಹಿಂಭಾಗದಿಂದಲೋ ಮಂಡಿ ಚಿಪ್ಪಿನ ಕೆಳಗಿನಿಂದಲೋ ಒಂದು ಎಳೆ ತೆಗೆದು, ಸಣ್ಣ ರಂಧ್ರಗಳ ಮೂಲಕ ಹೊಸ ಹುರಿಯಾಗಿ ಕೂರಿಸುತ್ತಾರೆ. ಅದು ಮೂಳೆಗೆ ಬೇರು ಹಿಡಿದು ಬಲಿಯಲು ಒಂಬತ್ತು ತಿಂಗಳಾದರೂ ಬೇಕು. ಕ್ರಿಕೆಟಿಗ ರಿಷಭ್ ಪಂತ್ ಅವರ ಕಾರು 2022ರ ಡಿಸೆಂಬರ್ 30ರಂದು ಅಪಘಾತಕ್ಕೀಡಾಯಿತು. ಮುಂಬೈಯಲ್ಲಿ ಮಂಡಿಯ ಲಿಗಮೆಂಟ್ ಆಪರೇಷನ್ ಆಯಿತು. ಆಮೇಲೆ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ವ್ಯಾಯಾಮ ಮಾಡಿದರು. ಮತ್ತೆ ಮೈದಾನಕ್ಕಿಳಿದದ್ದು 2024ರ ಮಾರ್ಚ್‌ನಲ್ಲಿ. ಅಷ್ಟೆಲ್ಲಾ ಅನುಕೂಲ ಇದ್ದವರಿಗೇ ಹದಿನಾಲ್ಕು ತಿಂಗಳ ಮೇಲೆ ಹಿಡಿಯಿತು. ನಮ್ಮ ಹೆಂಗಸರೋ, ಹೊಲಿಗೆ ಬಿಚ್ಚಿದ ತಿಂಗಳಿಗೇ ರಾಗಿ ಕುಯ್ಲಿಗೆ ಇಳೀತಾರೆ!

ಆಪರೇಷನ್ ಆಗಲಿ ಬಿಡಲಿ, ವ್ಯಾಯಾಮ ತಪ್ಪಿದ್ದಲ್ಲ. ಮಂಡಿಯನ್ನು ಕಾಪಾಡುವುದು ತೊಡೆಯ ಮಾಂಸಖಂಡ. ಮಂಡಿ ಕೆಳಗೆ ಮಡಿಸಿದ ಟವೆಲ್ ಇಟ್ಟು ಹತ್ತು ಎಣಿಸುವವರೆಗೆ ಒತ್ತಿ ಹಿಡಿಯುವುದು, ಮಲಗಿ ಹಿಮ್ಮಡಿಯನ್ನು ನಿಧಾನಕ್ಕೆ ಎಳೆದುಕೊಳ್ಳುವುದು, ಕಾಲನ್ನು ನೆಟ್ಟಗೆ ಎತ್ತುವುದು, ಇವು ಮೊದಲ ವಾರಗಳಿಗೆ. ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಅರ್ಧ ಬಗ್ಗಿ ಏಳುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಜಗಲಿ ಹತ್ತಿ ಇಳಿಯುವುದು. ಯಾವುದನ್ನು ಯಾವಾಗ ಎಂದು ಫಿಸಿಯೋಥೆರಪಿಯವರಿಂದ ಕಲಿಯಿರಿ. ಆಪರೇಷನ್ ಆದವರಂತೂ ಅವರನ್ನು ಕೇಳದೆ ಮುಂದಿನ ಹಂತಕ್ಕೆ ಹೋಗಬೇಡಿ. ಮಾರನೇ ದಿನ ಊತ ಹೆಚ್ಚಿದ್ದರೆ ಹಿಂದಿನ ದಿನ ಅತಿಯಾಯಿತು ಅಂತ ತಿಳಿದು ಕಡಿಮೆ ಮಾಡಿ. ಹಿತವೆನಿಸುತ್ತದೆಂದು ಮಂಡಿಯ ಅಡಿಗೆ ಮಾತ್ರ ದಿಂಬು ಕೊಟ್ಟು ರಾತ್ರಿಯೆಲ್ಲಾ ಮಲಗಬೇಡಿ, ಕಾಲು ಸ್ವಲ್ಪ ಬಾಗಿದಂತೆಯೇ ನಿಂತುಬಿಡುತ್ತದೆ. ದಿಂಬು ಹಿಮ್ಮಡಿಯ ಕೆಳಗೂ ಬರಲಿ.

ಮನೆಯಲ್ಲಿ ನಿಜವಾದ ತೊಂದರೆ ಕುಕ್ಕರಗಾಲಿನದು. ಪಾಯಿಖಾನೆಗೆ ನಡುವೆ ರಂಧ್ರವಿರುವ ಕುರ್ಚಿ ಇಟ್ಟುಕೊಳ್ಳಬಹುದು. ಮುದ್ದೆ ತಿರುವುವುದು ನಿಂತುಕೊಂಡು ಆಗಲಿ. ಹಾಲು ಕರೆಯುವುದು, ನೀರು ಹೊರುವುದು, ಹುಳುಗಳಿಗೆ ಸೊಪ್ಪು ಹಾಕುವುದು ಕೆಲವು ತಿಂಗಳು ಗಂಡ ಮಕ್ಕಳ ಪಾಲಿಗೆ ಬರಲಿ. ಅವರಿಂದ ಆಗದ ದಿನ ಸಂಘದವರು ಮುಯ್ಯಾಳು ಪದ್ಧತಿಯಲ್ಲಿ ಹಂಚಿಕೊಳ್ಳಬಹುದು. ಇದಕ್ಕೆ ಸಾಲ ಬೇಕಿಲ್ಲ.

ಆಪರೇಷನ್ನೇ ಎಂದಾದರೆ ಸಾಲದ ಅರ್ಜಿಗೆ ಮುಂಚೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ನಿಮಗೆ ಬರೆದಿರುವ ಆಪರೇಷನ್ ಅದರಲ್ಲಿ ಬರುತ್ತದೆಯೇ, ಎಲ್ಲಿ ಮಾಡುತ್ತಾರೆ ಎಂದು ಅಲ್ಲೇ ವಿಚಾರಿಸಿ, ಶಿಫಾರಸು ಪತ್ರ ಪಡೆಯಿರಿ. ಬೆಂಗಳೂರಿನ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಸರ್ಕಾರದ್ದೇ. ಗಾರ್ಮೆಂಟ್ಸ್‌ಗೆ ಹೋಗುವವರು ಇಎಸ್‌ಐ ಕಾರ್ಡ್ ಮರೆಯಬೇಡಿ; ಚಿಕಿತ್ಸೆಯ ಜೊತೆಗೆ ರಜೆಯ ದಿನಗಳಿಗೆ ಕೂಲಿಯ ಒಂದು ಭಾಗವೂ ಸಿಗುತ್ತದೆ. ಹೋಗುವಾಗ ಹಳೇ ಚೀಟಿಗಳು, ಎಕ್ಸ್-ರೇ, ಎಂಆರ್‌ಐ ಫಿಲ್ಮು, ರೇಷನ್ ಕಾರ್ಡು, ಆಧಾರ್ ಎಲ್ಲಾ ಒಂದೇ ಚೀಲದಲ್ಲಿರಲಿ. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಜ್ವರ ಬಂದರೆ, ಮೀನಖಂಡ ಊದಿ ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.